ಬಣ್ಣ ಇರುವುದು ಸಿಪ್ಪೆಯಲ್ಲಿ

ಪ್ರಶ್ನೆ: ನಮ್ಮ ತೋಟದ ಕಪ್ಪು ದ್ರಾಕ್ಷಿಯನ್ನು ಹಿಂಡಿದರೆ ರಸ ತಿಳಿಬಣ್ಣದ್ದು. ವೈನ್ ಮಾತ್ರ ಕಡುಗೆಂಪು. ಬಣ್ಣ ಬೆರೆಸುತ್ತಾರೆಯೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಬೆರೆಸಬೇಕಾಗಿಯೇ ಇಲ್ಲ. ನಂದಿ ಬೆಟ್ಟದ ತಪ್ಪಲಿನ ವೈನರಿಯೊಂದರಲ್ಲಿ ಆರು ಸುಗ್ಗಿ ದುಡಿದವನು ನಾನು. ಶಿರಾಜ್ ಎಂಬ ಕಪ್ಪು ದ್ರಾಕ್ಷಿ ತಳಿಯ ಹಣ್ಣನ್ನು ಬಿಸಿಲೇರುವ ಮುನ್ನವೇ ಕೊಯ್ಯುತ್ತಿದ್ದೆವು. ಯಂತ್ರ ತೊಟ್ಟು ಬಿಡಿಸಿ ಹಣ್ಣನ್ನು ಮೆಲ್ಲಗೆ ಒಡೆಯುತ್ತದೆ. ಬಿಳಿ ವೈನಿಗಾದರೆ ಮೊದಲೇ ಹಿಂಡುತ್ತಾರೆ. ಕೆಂಪಿಗೆ ಸಿಪ್ಪೆ, ಬೀಜ, ರಸ ಎಲ್ಲವೂ ಒಟ್ಟಿಗೇ ಟ್ಯಾಂಕಿಗೆ. ಯೀಸ್ಟ್ ಸಕ್ಕರೆ ತಿನ್ನತೊಡಗಿದಾಗ ಏಳುವ ಅನಿಲ ಸಿಪ್ಪೆಯನ್ನೆಲ್ಲ ಮೇಲಕ್ಕೆ ತಳ್ಳಿ ದಪ್ಪ ಪದರ ಕಟ್ಟುತ್ತದೆ. ಅದನ್ನು ದಿನಕ್ಕೆ ಎರಡು-ಮೂರು ಬಾರಿ ರಸದೊಳಗೆ ಅದುಮಬೇಕು. ಇಲ್ಲವಾದರೆ ಬಣ್ಣವೂ ಇಳಿಯದು, ಒಣಗಿದ ಪದರ ವಿನೆಗರ್ ವಾಸನೆಯನ್ನೂ ಹಿಡಿಯುತ್ತದೆ. (ಮೊದಲ ವರ್ಷ ಒಂದು ಭಾನುವಾರ ನಾನೇ ಮರೆತಿದ್ದೆ, ಸೋಮವಾರ ಚೆನ್ನಾಗಿ ಬೈಸಿಕೊಂಡೆ.) ಅದುಮುವಾಗ ಟ್ಯಾಂಕಿನೊಳಗೆ ಬಗ್ಗಿ ಮೂಸಬಾರದು, ಇಂಗಾಲದ ಡೈಆಕ್ಸೈಡ್ ಉಸಿರು ಕಟ್ಟಿಸುತ್ತದೆ. ಉಷ್ಣತೆ 25ರಿಂದ 28 ಡಿಗ್ರಿಯ ಆಸುಪಾಸಿನಲ್ಲಿದ್ದರೆ ವಾರ, ಹತ್ತು ದಿನದಲ್ಲಿ ಸಿಪ್ಪೆ ತನ್ನ ಬಣ್ಣ, ಒಗರು ಎರಡನ್ನೂ ಬಿಟ್ಟುಕೊಡುತ್ತದೆ. ಹಿಂಡುವುದು ಆಮೇಲೆ. ಅನುಮಾನವಿದ್ದರೆ ನಿಮ್ಮ ತೋಟದ ಹಣ್ಣಿನ ಸಿಪ್ಪೆಯನ್ನೇ ಬಿಳಿ ಬಟ್ಟೆಗೆ ಉಜ್ಜಿ ನೋಡಿ, ಹಳೆಯ ಬಟ್ಟೆಯಾಗಿರಲಿ.