ಎಳೆಯ ಬಳ್ಳಿಗಳ ಒಂದೇ ತೋಟದ ಕೆಂಪು ವೈನ್ ರುಚಿಯಲ್ಲಿ ಏಕೆ ಬೇರೆ?

ಎಳೆಯ ಬಳ್ಳಿಯ ಕೆಂಪು ವೈನ್‌ನಲ್ಲಿ ಹಣ್ಣಿನ ರುಚಿ ಮೊದಲ ಗುಟುಕಿಗೇ ಎದ್ದು ಕಾಣುತ್ತದೆ, ಆದರೆ ನುಂಗಿದ ಮೇಲೆ ಬಾಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇದಕ್ಕೆ ಮುಖ್ಯ ಕಾರಣ ಬೇರು. ಮೊದಲ ಕೆಲವು ವರ್ಷ ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಇರುವುದರಿಂದ, ಮಳೆ ಬಂದರೆ ಬಳ್ಳಿ ಬೇಗನೆ ನೀರು ಹೀರಿ ಹಣ್ಣನ್ನು ಉಬ್ಬಿಸುತ್ತದೆ, ಬಿಸಿಲು ಹೆಚ್ಚಾದರೆ ಅಷ್ಟೇ ಬೇಗ ಬಳಲುತ್ತದೆ. ಹೀಗಾಗಿ ಸಿಪ್ಪೆಯ ಟ್ಯಾನಿನ್, ಅಂದರೆ ನಾಲಿಗೆಗೆ ಒಗರು ಹತ್ತಿಸುವ ಅಂಶ, ಸಕ್ಕರೆಯೊಂದಿಗೆ ಸಮನಾಗಿ ಮಾಗುವುದು ಕಷ್ಟ. ಹಲವು ತೋಟಗಳ ವೈನ್ ಬೆರೆಸಿದಾಗ ಈ ಕೊರತೆ ಮುಚ್ಚಿಹೋಗುತ್ತದೆ. ಒಂದೇ ತೋಟದ್ದಾದರೆ ಮುಚ್ಚಲು ಬೇರೇನೂ ಇರುವುದಿಲ್ಲ.

ಫ್ರಾನ್ಸಿನ ಬರ್ಗಂಡಿಯಲ್ಲಿ ಮ್ಯೂಸಿನಿ ತೋಟದ ಬಹುಪಾಲನ್ನು ಹೊಂದಿರುವ ಕೋಂಟ್ ಜಾರ್ಜ್ ದ ವೋಗ್ಯುಎ ಸಂಸ್ಥೆಯು ಸುಮಾರು 25 ವರ್ಷ ತುಂಬದ ಬಳ್ಳಿಗಳ ವೈನನ್ನು ಮ್ಯೂಸಿನಿ ಎಂದು ಕರೆಯದೆ, ಒಂದು ದರ್ಜೆ ಕೆಳಗಿನ ಷಾಂಬೊಲ್-ಮ್ಯೂಸಿನಿ ಪ್ರೀಮಿಯೆ ಕ್ರೂ ಎಂಬ ಹೆಸರಿನಲ್ಲಿ ಮಾರುತ್ತದೆ. ನನ್ನ ಮಟ್ಟಿಗೆ ಇದು ಅತಿ ಕಟ್ಟುನಿಟ್ಟೇ ಸರಿ.

ಏಕೆಂದರೆ ಅಪವಾದಗಳೂ ಇವೆ. 1976ರ ಪ್ಯಾರಿಸ್ ಸ್ಪರ್ಧೆಯಲ್ಲಿ, ಹೆಸರು ಮರೆಮಾಡಿ ರುಚಿ ನೋಡಿದ ಫ್ರೆಂಚ್ ತೀರ್ಪುಗಾರರು ಬೋರ್ಡೋ ವೈನ್‌ಗಳನ್ನು ಹಿಂದಿಕ್ಕಿ ಮೊದಲ ಸ್ಥಾನ ಕೊಟ್ಟದ್ದು ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್‌ನ 1973ರ ಕೆಂಪು ವೈನ್‌ಗೆ. 1973ರಲ್ಲಿ ಅದರ ಹಣ್ಣು ಕೊಯ್ದಾಗ ಬಳ್ಳಿಗಳನ್ನು ನೆಟ್ಟು ಮೂರೇ ವರ್ಷವಾಗಿತ್ತು. ತೀರ ಎಳೆಯ ಬಳ್ಳಿ ಬಿಡುವ ಗೊಂಚಲು ಕೆಲವೇ ಆದ್ದರಿಂದ ಎಲೆಗಳು ತಯಾರಿಸಿದ ಸಕ್ಕರೆಯೆಲ್ಲ ಅವುಗಳಿಗೇ ಸೇರಿ ರಸ ಗಾಢವಾಗಬಲ್ಲದು.

ರುಚಿ ನೋಡುವಾಗ ವೈನನ್ನು 16 ಡಿಗ್ರಿಯಷ್ಟು ತಂಪಾಗಿಟ್ಟು, ನುಂಗಿದ ಮೇಲೆ ರುಚಿ ಎಷ್ಟು ಸೆಕೆಂಡು ಉಳಿಯಿತೆಂದು ಮನಸ್ಸಿನಲ್ಲೇ ಎಣಿಸಿ.