ಏರೇ ಇಲ್ಲದ ದಾರಿಯಲ್ಲಿ ಇಷ್ಟೊಂದು ಸುಸ್ತು ಯಾಕೆ?

ಪ್ರಶ್ನೆ: ನನಗೆ 52 ವರ್ಷ. ಕಾಲೇಜು ಬಿಟ್ಟ ಮೇಲೆ ಈಗಲೇ ಮತ್ತೆ ಸೈಕಲ್ ಹತ್ತಿದ್ದು. ಏರು ಬೇಡ ಅಂತಲೇ ನಿಸರ್ಗಧಾಮದ ಒಳಗಿನ ಸಪಾಟಾದ ಟಾರು ದಾರಿ ಆರಿಸಿಕೊಂಡೆ. ಹೋಗಿ ಬರಲು 24 ಕಿ.ಮೀ. ಹೋಗುವಾಗ ಹಾಯಾಗಿತ್ತು. ವಾಪಸ್ ಬರುವಾಗ ಕಾಲು ಸೋತುಹೋಯಿತು, ಸೀಟಿನ ಮೇಲೆ ಕೂರಲಾಗದಷ್ಟು ನೋವು, ಕಿರುಬೆರಳು ಜೋಮು ಹಿಡಿದಿತ್ತು. ಜೆಲ್ ಸೀಟು ಹಾಕಿಸು ಅಂತ ಗೆಳೆಯರು ಹೇಳುತ್ತಿದ್ದಾರೆ. ಹಾಕಿಸಲೇ?

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ತೊಂದರೆ ಸೀಟಿನ ಮೆತ್ತೆಯದ್ದಲ್ಲ ಅಂತ ನನ್ನ ಅಂದಾಜು.

ಸಪಾಟು ದಾರಿ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಏರಿನಲ್ಲಿ ನಾವು ಆಗಾಗ ಎದ್ದು ನಿಂತು ತುಳಿಯುತ್ತೇವೆ, ಇಳಿಜಾರಿನಲ್ಲಿ ಕಾಲಿಗೆ ಬಿಡುವು ಸಿಗುತ್ತದೆ. ಸಪಾಟಿನಲ್ಲಿ ಎರಡೂ ಇಲ್ಲ. ಗಂಟೆಗಟ್ಟಲೆ ಅದೇ ಭಂಗಿ, ಅದೇ ಜಾಗದ ಮೇಲೆ ಅದೇ ಭಾರ. ನೋವು ಬರುವುದೇ ಅದರಿಂದ. ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತು ಸ್ವಲ್ಪ ದೂರ ಹಾಗೇ ಉರುಳಿ. ಅರ್ಧ ನೋವು ಇದರಿಂದಲೇ ಕಡಿಮೆಯಾಗುತ್ತದೆ.

ಆಮೇಲೆ ಸೀಟಿನ ಎತ್ತರ ನೋಡಿ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಒಂದು ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು, ಸೊಂಟ ಒಂದು ಕಡೆ ವಾಲಬಾರದು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಬೇಕಾದಷ್ಟೇ ಮಡಚುತ್ತದೆ. ಹೊಸಬರು ಕಾಲು ನೆಲಕ್ಕೆ ಸಿಗಲಿ ಅಂತ ಸೀಟು ತೀರಾ ಇಳಿಸಿಕೊಂಡಿರುತ್ತಾರೆ. ಮಂಡಿಯ ಮುಂಭಾಗ ನೋಯುವುದು ಬಹುಪಾಲು ಇದಕ್ಕೇ.

ಸೀಟಿನ ಮೂತಿ ಕೆಳಗೆ ಬಾಗಿದೆಯಾ? ಬಾಗಿದ್ದರೆ ಮೈ ಮುಂದಕ್ಕೆ ಜಾರುತ್ತದೆ, ಭಾರವೆಲ್ಲ ಅಂಗೈಗೆ ಬೀಳುತ್ತದೆ. ಕಿರುಬೆರಳಿಗೆ ಹೋಗುವ ನರ ಅಂಗೈಯ ಬುಡದಲ್ಲೇ, ಕಿರುಬೆರಳಿನ ಕಡೆಯಲ್ಲೇ ಹಾದುಹೋಗುತ್ತದೆ. ಅದು ಅದುಮಿದಾಗ ಜೋಮು. ಸೀಟನ್ನು ಮಟ್ಟಸ ಮಾಡಿ, ಮೊಣಕೈ ಸ್ವಲ್ಪ ಸಡಿಲ ಬಿಡಿ, ಹ್ಯಾಂಡಲ್ ಮೇಲೆ ಕೈಯ ಜಾಗ ಬದಲಿಸುತ್ತಿರಿ. ಸೈಕಲ್‌ನಿಂದ ಇಳಿದ ಮೇಲೂ ದಿನಗಟ್ಟಲೆ ಜೋಮು ಉಳಿದರೆ ವೈದ್ಯರಿಗೆ ತೋರಿಸಿ.

ಇನ್ನು ಜೆಲ್ ಸೀಟು. ಅಂಗಡಿಯಲ್ಲಿ ಬೆರಳಿಂದ ಒತ್ತಿ ನೋಡಿದಾಗ ಸುಖವಾಗೇ ಇರುತ್ತದೆ. ತೀರಾ ಮೆತ್ತಗಿದ್ದರೆ ಕೂರುವ ಮೂಳೆಗಳು ಅದರೊಳಗೆ ಹೂತುಹೋಗಿ, ನಡುವಿನ ಮೆತ್ತೆ ಮೇಲೆದ್ದು ಮೃದುವಾದ ಜಾಗವನ್ನೇ ಒತ್ತುತ್ತದೆ. ದೂರ ಹೋದಷ್ಟೂ ಕಷ್ಟ ಜಾಸ್ತಿ. ದುಡ್ಡು ಹಾಕಲೇಬೇಕು ಅನ್ನಿಸಿದರೆ ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿ ತಗೊಳ್ಳಿ. ಅದರೊಳಗೆ ಬೇರೆ ಒಳಉಡುಪು ಬೇಡ, ಹೊಲಿಗೆ ಉಜ್ಜಿ ಗಾಯವಾಗುತ್ತದೆ.

ಈಗ ಕಾಲು ಸೋತ ವಿಷಯ. ಹೋಗುವಾಗ ಹಾಯಾಗಿತ್ತು ಅಂದಿರಲ್ಲ, ಗಾಳಿ ಬೆನ್ನಿಗೆ ಇದ್ದಿರಬೇಕು. ಸಪಾಟು ದಾರಿಯಲ್ಲಿ ಗಾಳಿಯೇ ಏರು. ನೀವು ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದು, ಎದುರಿಂದ 10 ಕಿ.ಮೀ. ವೇಗದ ಗಾಳಿ ಬಂತು ಅಂತಿಟ್ಟುಕೊಳ್ಳಿ. ಮೈಗೆ ಬಡಿಯುವ ಗಾಳಿ 25 ಕಿ.ಮೀ. ಆಯಿತು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಗಾಳಿಯಿಲ್ಲದ ದಿನಕ್ಕಿಂತ ತಡೆ ಸುಮಾರು ಎರಡೂಮುಕ್ಕಾಲು ಪಟ್ಟು! ಹಾಗಾಗಿ ಹೊರಡುವ ಮುಂಚೆ ಮರದ ಎಲೆ ಯಾವ ಕಡೆ ವಾಲುತ್ತಿದೆ ನೋಡಿ. ಎದುರು ಗಾಳಿಯಲ್ಲಿ ಹೊರಟು, ಬೆನ್ನ ಗಾಳಿಯಲ್ಲಿ ಮರಳಿ. ಎರಡು ಕಡೆಯಿಂದಲೂ ದಾರಿಗೆ ಇಳಿಯಬಹುದಾದರೆ ಇದು ನಿಮ್ಮ ಕೈಯಲ್ಲೇ ಇದೆ. ಎದುರು ಗಾಳಿಯಲ್ಲಿ ವೇಗ ಉಳಿಸಿಕೊಳ್ಳುವ ಹಟ ಬೇಡ. ಗೇರ್ ಹಗುರ ಮಾಡಿ, ನಿಮಿಷಕ್ಕೆ 70–80 ಸುತ್ತು ತುಳಿಯಿರಿ. 15 ಸೆಕೆಂಡಿನಲ್ಲಿ ಬಲಮಂಡಿ 18ರಿಂದ 20 ಸಲ ಮೇಲೆ ಬಂದರೆ ಸರಿಯಾಗಿದೆ ಅಂತ.

ಟೈರಿನ ಗಾಳಿಯನ್ನೂ ನೋಡಿ. ಎಷ್ಟು ಹಾಕಬೇಕು ಅನ್ನುವುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಪಂಕ್ಚರ್ ಇಲ್ಲದಿದ್ದರೂ ಟ್ಯೂಬಿನಿಂದ ಗಾಳಿ ನಿಧಾನವಾಗಿ ಸೋರುತ್ತಿರುತ್ತದೆ.

ಪ್ರಶ್ನೆ: ಇಂಥ ದಾರಿಯಲ್ಲಿ ನಡೆಯುವವರೇ ಜಾಸ್ತಿ. ಬೆಲ್ ಹೊಡೆದರೆ ಬೆಚ್ಚಿಬಿದ್ದು ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಹಾರುತ್ತಾರೆ. ಏನು ಮಾಡಲಿ?

ಉತ್ತರ: ಬೆಲ್ ತಡವಾಗಿ ಹೊಡೆಯುತ್ತಿದ್ದೀರಿ. ಗಂಟೆಗೆ 18 ಕಿ.ಮೀ. ಅಂದರೆ ಸೆಕೆಂಡಿಗೆ 5 ಮೀಟರ್. ಹತ್ತು ಮೀಟರ್ ಹಿಂದೆ ಬೆಲ್ ಹೊಡೆದರೆ ಅವರಿಗೆ ಸಿಗುವುದು ಎರಡೇ ಸೆಕೆಂಡು. 30 ಮೀಟರ್ ದೂರದಲ್ಲೇ ಮೆಲ್ಲಗೆ ಒಂದು ಸಲ ಹೊಡೆಯಿರಿ, ವೇಗ ಇಳಿಸಿ, ಅವರು ಯಾವ ಕಡೆ ಸರಿಯುತ್ತಾರೆ ನೋಡಿ ಮುಂದೆ ಹೋಗಿ. ಚಿಕ್ಕ ಮಕ್ಕಳಿದ್ದರೆ ನಡಿಗೆಯ ವೇಗಕ್ಕೆ ಬನ್ನಿ. ನಾಯಿ ದಾರಿಯ ಒಂದು ಕಡೆ, ಯಜಮಾನರು ಇನ್ನೊಂದು ಕಡೆ ಇದ್ದರೆ ನಡುವೆ ಹಗ್ಗ ಇರುತ್ತದೆ, ದೂರದಿಂದ ಅದು ಕಾಣುವುದೇ ಇಲ್ಲ. ಅಲ್ಲಿ ಇಳಿದುಬಿಡುವುದೇ ವಾಸಿ. ಇಯರ್‌ಫೋನ್ ಹಾಕಿಕೊಂಡು ಹೋಗಬೇಡಿ. ವೇಗದ ದಾಖಲೆ ಮಾಡಬೇಕು ಅನ್ನುವವರಿಗೆ ಇದು ಜಾಗವಲ್ಲ, ಅಲ್ವಾ?

ಪ್ರಶ್ನೆ: ಮಳೆ ಬಿದ್ದ ಮರುದಿನ ಬೆಳಗ್ಗೆ ಹೋಗಬಹುದಾ?

ಉತ್ತರ: ಧಾರಾಳವಾಗಿ ಹೋಗಿ, ಹಕ್ಕಿಗಳು ಚೆನ್ನಾಗಿ ಕಾಣುವುದೂ ಬೆಳಗ್ಗೆಯೇ. ಮರದ ಹಲಗೆಯ ಸೇತುವೆ ಬಂದಾಗ ಮಾತ್ರ ಎಚ್ಚರ. ಒದ್ದೆ ಹಲಗೆ, ಒದ್ದೆ ಎಲೆ ಎರಡೂ ಜಾರುತ್ತವೆ. ಬ್ರೇಕು ಸೇತುವೆಗೆ ಮುಂಚೆಯೇ ಹಾಕಿ. ಹಲಗೆಯ ಮೇಲೆ ಹ್ಯಾಂಡಲ್ ತಿರುಗಿಸದೆ ನೇರ ಹೋಗಿ. ದೊಡ್ಡ ಮರಗಳ ಪಕ್ಕದಲ್ಲಿ ಬೇರು ಟಾರನ್ನು ಎಬ್ಬಿಸಿರುತ್ತದೆ, ನೆರಳಿನಲ್ಲಿ ಆ ಉಬ್ಬು ಕಾಣುವುದಿಲ್ಲ. ಸೈಕಲ್ ಸದ್ದಿಲ್ಲದೆ ಬರುವುದರಿಂದ ಪ್ರಾಣಿಗಳಿಗೂ ತಡವಾಗಿ ಗೊತ್ತಾಗುತ್ತದೆ. ಹಾವು ಬೆಚ್ಚಗಿನ ಟಾರಿನ ಮೇಲೆ ಮಲಗಿದ್ದರೆ ದೂರದಲ್ಲೇ ನಿಂತು ಅದು ಹೋಗುವವರೆಗೆ ಕಾಯಿರಿ. ತಾಯಿ ಪ್ರಾಣಿ ಒಂದು ಕಡೆ, ಮರಿ ಇನ್ನೊಂದು ಕಡೆ ಕಂಡರೆ ನಡುವೆ ನುಗ್ಗಬೇಡಿ, ಬಂದ ದಾರಿಯಲ್ಲೇ ತಿರುಗಿ.