ಸ್ಟೀಪಲ್‌ಚೇಸ್ ಓಡಿದವರು ಕೋಚ್ ಆದರೆ

ಪೊನ್ನಂಪೇಟೆಯ ಓದುಗರೊಬ್ಬರು ಬರೆದಿದ್ದಾರೆ: ‘ಮಗಳು ಕಾಲೇಜಿನಲ್ಲಿ 1500 ಮೀಟರ್ ಓಡುತ್ತಾಳೆ. ಊರಿನ ನಿವೃತ್ತ ಸುಬೇದಾರರೊಬ್ಬರು ತರಬೇತಿ ಕೊಡುತ್ತಿದ್ದಾರೆ. ಸೈನ್ಯದಲ್ಲಿದ್ದಾಗ ಅವರು ಓಡಿದ್ದು ಸ್ಟೀಪಲ್‌ಚೇಸ್. ಅಡ್ಡಮರ ಹಾರಿದವರಿಗೆ ದೂರದ ಓಟ ಏನು ಗೊತ್ತು? ವಾರದಲ್ಲಿ ನಾಲ್ಕು ದಿನ ತೋಟದ ದಾರಿಯಲ್ಲಿ ಸುಮ್ನೆ ನಿಧಾನಕ್ಕೆ ಓಡಿಸ್ತಾರೆ. ಎತ್ತರದ ಊಟಿಗೆ ತರಬೇತಿಗೆ ಕಳಿಸೋದೇ ವಾಸಿ ಅಲ್ವಾ? ಅವಳನ್ನೂ ಸ್ಟೀಪಲ್‌ಚೇಸ್‌ಗೆ ಎಳೀತಾರೇನೋ ಅನ್ನೋ ಭಯ ಬೇರೆ.’

ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ ಈ ವಿಷಯದಲ್ಲಿ ನಾನು ಸುಬೇದಾರರ ಪಕ್ಷ.

ಸ್ಟೀಪಲ್‌ಚೇಸ್ ಅಂದರೆ ತಡೆಗಳನ್ನು ದಾಟುತ್ತಾ ಓಡುವ 3000 ಮೀಟರ್ ಓಟ. 28 ತಡೆ, ಜೊತೆಗೆ 7 ಸಲ ನೀರಿನ ಗುಂಡಿ. ಗಂಡಸರಿಗೆ ತಡೆಯ ಎತ್ತರ 91.4 ಸೆಂಟಿಮೀಟರ್. ಹರ್ಡಲ್ಸ್‌ನ ತಡೆ ಕಾಲು ತಾಗಿದರೆ ಬೀಳುತ್ತದೆ, ಇದು ಬೀಳುವುದಿಲ್ಲ. ತಾಗಿದರೆ ಬೀಳುವವರು ನಾವೇ. ಗುಂಪಿನಲ್ಲಿ ಓಡುವಾಗ ಮುಂದಿನವನ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ. ಹೆಜ್ಜೆ ಎಣಿಸಿಕೊಂಡು ಹಾರಲು ಪುರುಸೊತ್ತಿಲ್ಲ. ಬಲಗಾಲಾದರೂ ಸರಿ, ಎಡಗಾಲಾದರೂ ಸರಿ, ಸಿಕ್ಕಿದ್ದರಲ್ಲಿ ಹಾರಬೇಕು. ನೀರಿನ ಗುಂಡಿಯಲ್ಲಿ ಇಳಿದರೆ ಶೂ ತೊಯ್ದು ಭಾರವಾಗುತ್ತದೆ. ಪ್ರತಿ ತಡೆಗೂ ವೇಗ ಸ್ವಲ್ಪ ಕುಸಿಯುತ್ತದೆ. ಅದನ್ನು ಒಂದೇ ಏಟಿಗೆ ವಾಪಸ್ ಪಡೆಯಲು ಹೋದವನ ದಮ್ಮು ಐದನೇ ಸುತ್ತಿಗೇ ಮುಗಿದಿರುತ್ತದೆ. ಮಾಕುಟ್ಟ ಘಾಟಿಯಲ್ಲಿ ಒಳ್ಳೆಯ ಡ್ರೈವರ್ ತಿರುವಿಗೊಂದು ಬ್ರೇಕ್, ತಿರುವಿಗೊಂದು ಆಕ್ಸಿಲರೇಟರ್ ಒತ್ತುತ್ತಾನೆಯೇ? ಇದೂ ಹಾಗೇ. ಶಕ್ತಿಯನ್ನು ಎಲ್ಲಿ ಉಳಿಸಬೇಕು, ಎಲ್ಲಿ ಖರ್ಚು ಮಾಡಬೇಕು ಎನ್ನುವ ಲೆಕ್ಕ ಈ ಓಟದಲ್ಲಿ ಕಲಿತಷ್ಟು ಬೇರೆ ಕಡೆ ಕಲಿಯುವುದು ಕಷ್ಟ.

ಕೀನ್ಯಾದ ಪ್ಯಾಟ್ರಿಕ್ ಸಾಂಗ್ ಅವರನ್ನೇ ನೋಡಿ. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಸ್ಟೀಪಲ್‌ಚೇಸ್‌ನಲ್ಲಿ ಬೆಳ್ಳಿ. 1991 ಮತ್ತು 1993ರ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲೂ ಬೆಳ್ಳಿ. ಈ ಎರಡು ಕೂಟಗಳ ಚಿನ್ನ ಕೈಗೆ ಸಿಗಲೇ ಇಲ್ಲ. ಓಟ ಬಿಟ್ಟು ಊರಿಗೆ ಬಂದು ಹುಡುಗರಿಗೆ ತರಬೇತಿ ಕೊಡುತ್ತಿದ್ದಾಗ ನೆರೆಮನೆ ಕಡೆಯ ಹುಡುಗನೊಬ್ಬ ಬಂದು, ನನಗೂ ಏನಾದರೂ ಅಭ್ಯಾಸ ಹೇಳಿ ಎಂದ. ಕೈಯಲ್ಲಿ ಪೆನ್ನಿಲ್ಲ, ಕಾಗದವಿಲ್ಲ. ಸಾಂಗ್ ಒಂದು ಕಡ್ಡಿ ಎತ್ತಿಕೊಂಡು ತಮ್ಮ ತೋಳಿನ ಮೇಲೇ ಗೀಚಿ ತೋರಿಸಿದರು. ಹುಡುಗ ಅದನ್ನು ಬಾಯಿಪಾಠ ಮಾಡಿಕೊಂಡು ಮನೆಗೆ ಓಡಿದ. ಎರಡು ವಾರ ಕಳೆದ ಮೇಲೆ ಮುಂದಿನದ್ದು ಕೇಳಲು ಮತ್ತೆ ಬಂದ. ಅವನೇ ಎಲಿಯುಡ್ ಕಿಪ್ಚೋಗೆ. ಅವನ ತಾಯಿ ಸಾಂಗ್‌ಗೆ ನರ್ಸರಿಯಲ್ಲಿ ಪಾಠ ಹೇಳಿದ ಟೀಚರ್ ಎಂಬುದು ಸಾಂಗ್‌ಗೆ ಗೊತ್ತಾದದ್ದು ಆಮೇಲೆ. ಕಿಪ್ಚೋಗೆ ಎರಡು ಸಲ ಒಲಿಂಪಿಕ್ ಮ್ಯಾರಥಾನ್ ಗೆದ್ದರು. 2022ರಲ್ಲಿ ಬರ್ಲಿನ್‌ನಲ್ಲಿ 2:01:09ರಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಅಷ್ಟು ವರ್ಷವೂ ಕೋಚ್ ಒಬ್ಬರೇ.

ನಿಮ್ಮ ಮಗಳ ಓಟದಲ್ಲೇ, ಅಂದರೆ 1500 ಮೀಟರಿನಲ್ಲಿ, ಸತತ ಮೂರು ಒಲಿಂಪಿಕ್ ಚಿನ್ನ ಗೆದ್ದ ಫೇಯ್ತ್ ಕಿಪ್ಯೆಗಾನ್ ಕೂಡ ಸಾಂಗ್ ಗರಡಿಯಲ್ಲಿ ಪಳಗಿದವರು.

ನಮ್ಮವರೇ ಬೇಕೆಂದರೆ ಮಹಾರ್ ರೆಜಿಮೆಂಟಿನ ಅವಿನಾಶ್ ಸಾಬ್ಳೆ ಇದ್ದಾರೆ. ಸ್ಟೀಪಲ್‌ಚೇಸ್ ಓಟಗಾರನಾಗಿದ್ದುಕೊಂಡೇ 2020ರಲ್ಲಿ ದೆಹಲಿ ಹಾಫ್ ಮ್ಯಾರಥಾನನ್ನು 1:00:30ರಲ್ಲಿ ಮುಗಿಸಿ ರಾಷ್ಟ್ರೀಯ ದಾಖಲೆ ಬರೆದರು.

ಇನ್ನು ‘ನಿಧಾನ’ದ ವಿಷಯ. ಸಾಂಗ್ ಶಿಬಿರದಲ್ಲಿ ಮಂಗಳವಾರ ಟ್ರ್ಯಾಕ್, ಗುರುವಾರ ಉದ್ದದ ಓಟ, ಶನಿವಾರ ಫಾರ್ಟ್‌ಲೆಕ್, ಅಂದರೆ ಜೋರು ಮತ್ತು ನಿಧಾನ ಬೆರೆಸಿದ ಓಟ. ಉಳಿದ ದಿನಗಳಲ್ಲಿ ಹೆಚ್ಚಾಗಿ ಹಗುರ ಓಟವೇ. ನಿಮ್ಮ ಸುಬೇದಾರರ ನಾಲ್ಕು ದಿನ ಇದಕ್ಕೆ ತಾಳೆಯಾಗುತ್ತದೆ ನೋಡಿ. ದಿನಾ ಏದುಸಿರು ಬರುವ ಹಾಗೆ ಓಡಿಸುವ ಕೋಚ್ ಸಿಕ್ಕಿದ್ದರೆ ನಾನೇ ನಿಮಗೆ ಬೇರೆಯವರನ್ನು ಹುಡುಕಿ ಅನ್ನುತ್ತಿದ್ದೆ. ನೀವು ಕೇಳಬೇಕಾದ್ದು ಒಂದೇ: ಉಳಿದ ದಿನಗಳಲ್ಲಿ ಜೋರಾಗಿ ಓಡಿಸುತ್ತಾರಾ, ಅದರ ಸಮಯ ಬರೆದಿಡುತ್ತಾರಾ?

ಊಟಿ 2240 ಮೀಟರ್ ಎತ್ತರದಲ್ಲಿದೆ, ಸಾಂಗ್ ಅವರ ಶಿಬಿರವಿರುವ ಕೀನ್ಯಾದ ಕಪ್ಟಗಾಟ್ ಸುಮಾರು 2400. ನಮ್ಮ ಮಡಿಕೇರಿಯೇ 1150ರ ಆಸುಪಾಸು. ಎತ್ತರದ ತೆಳು ಗಾಳಿಯಲ್ಲಿ ಓಡಿ ದಮ್ಮು ಬೆಳೆಸಿಕೊಳ್ಳುವ ಲಾಭ ಕೊಡಗಿನಲ್ಲಿ ಸಿಗುವುದಿಲ್ಲ, ನಿಜ. ಆದರೆ ಅದಕ್ಕೆ ವಾರಗಟ್ಟಲೆ ಅಲ್ಲಿ ಉಳಿಯಬೇಕು. ಕಾಲೇಜು ಬಿಟ್ಟು ಈಗಲೇ ಹೋಗುವಂಥದ್ದೇನಿಲ್ಲ. ತೋಟದ ಏರು ದಾರಿ ಕಾಲಿಗೆ ಬಲ ಕೊಡುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಇಳಿಜಾರು ಮಾತ್ರ ಬೇಡ. ಆಗ ಡಾಂಬರು ರಸ್ತೆಯೇ ವಾಸಿ, ಮೊಣಕಾಲಿಗೆ ಸ್ವಲ್ಪ ಹೊಡೆತ ಬಿದ್ದರೂ.

ಸುಬೇದಾರರು ಅವಳನ್ನೂ ಸ್ಟೀಪಲ್‌ಚೇಸ್‌ಗೆ ಎಳೆಯುತ್ತಾರೇನೋ ಎಂಬ ಭಯ ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿದೆ. ಎಳೆಯುವುದು ಬೇಡ. ಅವಳಿಗೇ ಆಸೆ ಹುಟ್ಟಿದರೆ ತಡೆಯಲೂ ಬೇಡಿ. ಹೆಂಗಸರ ತಡೆ 76.2 ಸೆಂಟಿಮೀಟರ್, 2008ರಿಂದ ಒಲಿಂಪಿಕ್ಸ್‌ನಲ್ಲೂ ಇದೆ. 2010ರ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಸುಧಾ ಸಿಂಗ್ ಅದರಲ್ಲೇ ಚಿನ್ನ ಗೆದ್ದರು.

– ಸಂಪಾದಕ